ಸೌದೆ ಹೊತ್ತು ಮದುವೆಗೆ ಬಂದವರ ಪರವಾಗಿ

ಹಲವು ಊರುಗಳಲ್ಲಿ ಒಂದೇ ಬಣ್ಣದ ಬೋರ್ಡು ಹಾಕಿಕೊಂಡು ಹಾಡಿನ ಪ್ಲೇಟು, ಕ್ಯಾಸೆಟ್ಟು ಮಾರುವ ಅಂಗಡಿಗಳ ಪ್ರಧಾನ ವ್ಯವಸ್ಥಾಪಕರಿಗೆ,

ಮಾನ್ಯರೇ,

ನೀವು ನನಗೆ ಮಾರಿದ ವಾಲಗದ ಪ್ಲೇಟಿನೊಳಗೆ ವಾಲಗ ಇರಲಿಲ್ಲ, ಸಾವಿನ ಮನೆಯ ಹಾಡು ಇತ್ತು. ಅದರಿಂದಾಗಿ ಕಳೆದ ವೈಶಾಖದಲ್ಲಿ ಹೆಗ್ಗದ್ದೆ ಕಡೆಯ ಒಂದು ಮನೆಯಲ್ಲಿ ಆಗಬೇಕಿದ್ದ ಮದುವೆ ನಿಂತಿತು, ಇವತ್ತಿಗೂ ನಿಂತೇ ಇದೆ. ಆ ಮದುವೆ ಮುಂದುವರಿಯಬೇಕಾದರೆ ನಿಮ್ಮ ಕಡೆಯಿಂದ ಎರಡು ಸಾಲಿನ ಒಂದು ಕಾಗದ ಬೇಕು. ಆರು ತಿಂಗಳಲ್ಲಿ ನಿಮಗೆ ಮೂರು ಪತ್ರ ಬರೆದೆ. ಮೂರಕ್ಕೂ ಉತ್ತರವಿಲ್ಲ. ಖಾಸಗಿಯಾಗಿ ಬರೆದರೆ ನಿಮಗೆ ಓದಲು ಬಿಡುವಿರುವುದಿಲ್ಲವೇನೋ ಎಂದುಕೊಂಡು ಈ ಸಲ ಪತ್ರಿಕೆಗೆ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ನಿಮ್ಮ ಗಿರಾಕಿಗಳು ಓದಲಿ.

ನಮ್ಮ ತಂದೆ ಕುಳ್ಳಯ್ಯನವರದು ಮೈಕ್ ಸೆಟ್ಟು. ಒಂದು ಆಂಪ್ಲಿಫೈಯರ್, ಅದರ ಮೇಲೆ ಪ್ಲೇಟು ತಿರುಗುವ, ಮುಳ್ಳು ಇಟ್ಟರೆ ಹಾಡುವ ಯಂತ್ರ, ಒಂದು ಲಾರಿ ಬ್ಯಾಟರಿ, ದನಿಯನ್ನು ದೂರಕ್ಕೆ ಮುಟ್ಟಿಸುವ ಎರಡು ಹಾರ್ನು, ಒಂದು ಟ್ರಂಕು ತುಂಬ ಪ್ಲೇಟು. ಐದು ವರ್ಷದ ಹಿಂದೆ ಸಿಲ್ವರ್ ಮರಕ್ಕೆ ಹಾರ್ನು ಕಟ್ಟುವಾಗ ಬಿದ್ದು ಅಪ್ಪ ಸೊಂಟ ಮುರಿದುಕೊಂಡರು. ಅಂದಿನಿಂದ ಮರ ಹತ್ತುವುದು ಆಯಾ ಮನೆಯವರ ಕೆಲಸ, ಉಳಿದದ್ದೆಲ್ಲ ನನ್ನದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಐದನೆಯದಕ್ಕೆ ಹಳ್ಳ ದಾಟಬೇಕಿತ್ತು, ದಾಟಲು ಮರದ ಸಂಕವೂ ಇರಲಿಲ್ಲ. ಆಮೇಲೆ ನನ್ನ ಅಕ್ಷರ ಮರೆತುಹೋಗದೆ ಉಳಿದದ್ದು ಪ್ಲೇಟಿನ ಕವರುಗಳ ಹಿಂಬದಿಯನ್ನು ಓದಿ ಓದಿ. ಹಾಡು ಯಾರದು, ತಬಲ ಯಾರದು, ಯಾವ ಬದಿಯಲ್ಲಿ ಎಷ್ಟನೆಯದು ಎಲ್ಲ ನನಗೆ ಬಾಯಿಪಾಠ. ನನಗೆ ಓದು ಕಲಿಸಿದ ಕವರೇ ನನಗೆ ಸುಳ್ಳು ಹೇಳಿತು ಎಂಬ ಸಂಕಟ ನಿಮಗೆ ಎಷ್ಟು ಅರ್ಥವಾದೀತೋ ಗೊತ್ತಿಲ್ಲ.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಮೈಕ್ ಸೆಟ್ಟಿನವಳಾದರೂ ನಾನು ಮೈಕಿನಲ್ಲಿ ಮಾತಾಡಿದವಳಲ್ಲ. ನಾಲ್ಕು ಜನ ನನ್ನತ್ತ ತಿರುಗಿದರೆ ಗಂಟಲು ಕಟ್ಟುತ್ತದೆ. "ಪ್ಲೇಟು ಮಾತಾಡ್ತದೆ ಬುಡವ್ವ, ನೀನು ಮುಳ್ಳು ಇಟ್ರೆ ಸಾಕು" ಎಂದು ಅಪ್ಪ ಹೇಳಿಕೊಟ್ಟಿದ್ದರು. ಅಷ್ಟು ವರ್ಷ ಅಷ್ಟೇ ಸಾಕಾಗಿತ್ತು.

ನಮ್ಮ ಕಡೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಒಂದು ದಿಣ್ಣೆಗೆ ಒಂದು ಮನೆ, ನಡುವೆ ಕಾಫಿ ತೋಟ, ಹಳ್ಳ, ಕಾಡು. ಫೋನು ಇರುವುದು ಎಸ್ಟೇಟ್ ಬಂಗಲೆಗಳಲ್ಲಿ ಮಾತ್ರ. ಆದ್ದರಿಂದ ಹಾರ್ನಿನಲ್ಲಿ ಬರುವ ಹಾಡು ನಮಗೆ ಬರೀ ಹಾಡಲ್ಲ, ಸುದ್ದಿ. ಮದುವೆಯ ದಿನ ಗಂಡಿನವರು ಹಳ್ಳದ ಆಚೆ ಬಂಡೆಯ ಹತ್ತಿರ ಬಂದು ಕಾಯುತ್ತಾರೆ. ವಾಲಗದ ಪ್ಲೇಟು ಕೇಳಿಸಿದರೆ ಧಾರೆಗೆ ಎಲ್ಲ ಸಿದ್ಧ, ದಾಟಿ ಬನ್ನಿ ಎಂದು ಅರ್ಥ. ವಾಲಗದವರನ್ನೇ ಕರೆಸುವಷ್ಟು ಅನುಕೂಲ ಎಲ್ಲರಿಗೂ ಇಲ್ಲ, ಹಾಗಾಗಿ ಪ್ಲೇಟೇ ವಾಲಗ. ಸಾವಾದರೆ ಬೇರೆ ಪ್ಲೇಟು. ಏಕತಾರಿ ಮೀಟಿಕೊಂಡು ಒಬ್ಬರು ಹಾಡುವ ತತ್ವಪದ. ಅದನ್ನು ಪೂರ್ತಿ ಹಾಕುವುದಿಲ್ಲ, ಅರ್ಧಕ್ಕೆ ಮುಳ್ಳು ಎತ್ತಿಬಿಡುತ್ತೇವೆ. ಹೋದವರ ಮಾತು ಅರ್ಧಕ್ಕೆ ನಿಂತಿತು ಎಂದು ಅದರ ಅರ್ಥ. ಅದು ಕಿವಿಗೆ ಬಿದ್ದರೆ ಪ್ರತಿ ಮನೆಯಿಂದ ಒಬ್ಬರು ಚಿತೆಗೆಂದು ಒಂದು ಸೌದೆ ತುಂಡು ಹೆಗಲಿಗೇರಿಸಿ ಹೊರಡುತ್ತಾರೆ. ಹೋದದ್ದು ಯಾರು ಎಂದು ಕೇಳುವುದು ಅಲ್ಲಿ ಸೇರಿದ ಮೇಲೆ. ನಿಮಗೆ ಇದು ಹಳ್ಳಿಯವರ ಹುಚ್ಚಾಟದಂತೆ ಕಾಣಬಹುದು. ಆದರೆ ನಿಮ್ಮ ಪಟ್ಟಣದಲ್ಲೂ ಸೈರನ್ ಕೂಗಿದರೆ ಜನ ಕೆಲಸಕ್ಕೆ ಹೋಗುತ್ತಾರೆ, ಮತ್ತೆ ಕೂಗಿದರೆ ಊಟಕ್ಕೆ ಬರುತ್ತಾರೆ. ಸೈರನ್ ಮಾರಿದವರು ತಪ್ಪು ಸೈರನ್ ಕೊಟ್ಟರೆ ನೀವು ಸುಮ್ಮನಿರುತ್ತೀರಾ?

ನಮ್ಮ ಹಳೆಯ ವಾಲಗದ ಪ್ಲೇಟು ಸವೆದು ನಾದಸ್ವರಕ್ಕಿಂತ ಕರಕರ ಶಬ್ದವೇ ಜೋರಾಗಿತ್ತು. ಹೊಸದು ತರಲು ಹಾಸನದ ನಿಮ್ಮ ಅಂಗಡಿಗೆ ಬಂದೆ. ಗಾಜಿನ ಬಾಗಿಲು, ತಣ್ಣನೆ ಗಾಳಿ, ಗೋಡೆ ತುಂಬ ಕ್ಯಾಸೆಟ್ಟು. ಪ್ಲೇಟುಗಳನ್ನು ಬಿಸಿಲು ಬೀಳುವ ಕಿಟಕಿಯ ಕೆಳಗೆ ಒಂದರ ಮೇಲೊಂದು ಒರಗಿಸಿದ್ದಿರಿ. ಟೈ ಕಟ್ಟಿದ ನಿಮ್ಮ ಹುಡುಗ ನನ್ನ ಕಾಲಿನ ಕೆಸರು ನೋಡಿ, "ಯಾವ ಕಾಲದಲ್ಲಿದ್ದೀಯಮ್ಮ? ಪ್ಲೇಟೆಲ್ಲ ಈಗ ಯಾರು ಕೇಳ್ತಾರೆ, ಕ್ಯಾಸೆಟ್ ತಗೊಂಡು ಹೋಗು" ಎಂದ. ನಮ್ಮಲ್ಲಿ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಬೇಕಾದ ಹಾಡಿನ ಮೇಲೆ ಕಣ್ಣಳತೆಯಲ್ಲಿ ಮುಳ್ಳು ಇಟ್ಟ ಹಾಗೆ ಕ್ಯಾಸೆಟ್ಟಿನಲ್ಲಿ ಇಡಲಾಗುವುದಿಲ್ಲ ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಬೆರಳು ತೋರಿಸಿದೆ, ಕೊಟ್ಟರು, ಬಂದೆ.

ಮನೆಯಲ್ಲಿ ಬಿಚ್ಚಿದರೆ ಪ್ಲೇಟು ಸುಟ್ಟ ಹಪ್ಪಳದ ಹಾಗೆ ಸೊಟ್ಟಗಿತ್ತು. ಅಪ್ಪ ಅದನ್ನು ಮಂಚದ ಮೇಲೆ ಮಲಗಿದ್ದಲ್ಲೇ ಎತ್ತಿ ಹಿಡಿದು ನೋಡಿ, "ಇದ್ರಲ್ಲಿ ವಾಲಗ ಊದಿದ್ರೆ ಊದೋನ್ಗೆ ವಾಂತಿ ಬತ್ತದೆ ಕಣವ್ವ" ಎಂದರು. ಎರಡನೆಯ ಸಲ ಹೋದೆ. ಇದೊಂದೇ ಸಲ ಎಂದು ಉಪಕಾರ ಮಾಡುವವರಂತೆ ಬದಲಾಯಿಸಿಕೊಟ್ಟಿರಿ. ಅದರ ನಡುವಿನ ತೂತು ಪಕ್ಕಕ್ಕೆ ಸರಿದಿತ್ತು. ಮೂರನೆಯ ಸಲ ಹೋದಾಗ ಬದಲಿಗೆ ಒಪ್ಪಲಿಲ್ಲ, ಇನ್ನೊಂದನ್ನು ಕೊಂಡುಕೊಳ್ಳಬೇಕಾಯಿತು. ಅದರ ಮೇಲೆ ನಿಮ್ಮ ಅಂಗಡಿಯದೇ ಹಳದಿ ಚೀಟಿ ಅಂಟಿಸಿತ್ತು: "ಪರೀಕ್ಷಿಸಲಾಗಿದೆ." ನನಗೆ ನೆಮ್ಮದಿಯಾಯಿತು. ಯಾರೋ ನನಗಿಂತ ಓದಿದವರು, ನನಗಿಂತ ಒಳ್ಳೆಯ ಯಂತ್ರದಲ್ಲಿ ಹಾಕಿ, ಕಿವಿಗೊಟ್ಟು ಕೇಳಿ, ಆಮೇಲೆ ಪ್ಲಾಸ್ಟಿಕ್ ಹಾಕಿ ಸೀಲು ಮಾಡಿದ್ದಾರೆ ಎಂದು ನಂಬಿದೆ. ಈಗ ಕೇಳುತ್ತೇನೆ ಸ್ವಾಮಿ, ಪರೀಕ್ಷಿಸಿದ್ದು ಯಾರು? ಪ್ಲೇಟನ್ನು ಪರೀಕ್ಷಿಸಿದರೋ, ಚೀಟಿಯ ಅಂಟನ್ನು ಪರೀಕ್ಷಿಸಿದರೋ?

ನಾನು ಮನೆಯಲ್ಲಿ ಒಮ್ಮೆ ಹಾಕಿ ಕೇಳಬಾರದಿತ್ತೇ ಎಂದು ನೀವು ಕೇಳುವಿರಿ. ಕೇಳಬಹುದಿತ್ತು. ಕೇಳಲಿಲ್ಲ. ವಾಲಗದ ಹೊಸ ಪ್ಲೇಟು ಮೊದಲು ತಿರುಗಬೇಕಾದದ್ದು ಮದುವೆ ಮನೆಯಲ್ಲಿ ಎಂಬುದು ಅಪ್ಪ ಪಾಲಿಸಿಕೊಂಡು ಬಂದ ಪದ್ಧತಿ. ಮದುವೆಯಾಗದ ಮಗಳಿರುವ ಮನೆಯಲ್ಲಿ ಸುಮ್ಮನೆ ವಾಲಗ ಊದಿಸಬಾರದು ಎಂಬುದು ಅಮ್ಮನ ಅಂಜಿಕೆ. ಇದು ನನ್ನ ತಪ್ಪು, ಒಪ್ಪಿಕೊಂಡಿದ್ದೇನೆ. ನನ್ನ ಪಾಲಿನ ಇನ್ನೊಂದು ತಪ್ಪೂ ಮುಂದೆ ಬರುತ್ತದೆ, ಅದನ್ನೂ ಬಚ್ಚಿಡುವುದಿಲ್ಲ. ನಿಮ್ಮ ಪಾಲಿನದನ್ನು ನೀವೂ ಹೀಗೆ ಹೇಳಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ಮದುವೆ ಚಲುವಯ್ಯನವರ ಮನೆಯದು. ಹುಡುಗಿ ಪುಟ್ಟಲಕ್ಷ್ಮಿ, ನನ್ನ ಜೊತೆ ನಾಲ್ಕನೇ ಕ್ಲಾಸಿನವರೆಗೆ ಒಂದೇ ಮಣೆಯಲ್ಲಿ ಕೂತವಳು. ಗಂಡು ಮಾರನಹಳ್ಳಿ ಕಡೆಯ ಮೋಹನ್. ಬೆಳಿಗ್ಗೆ ಒಂಬತ್ತೂವರೆಗೆ ಪುರೋಹಿತರು ಕೈ ಮಾಡಿದರು. ನಾನು ಪ್ಲಾಸ್ಟಿಕ್ ಹರಿದು ಪ್ಲೇಟು ತೆಗೆದೆ. ನಡುವಿನ ಕೆಂಪು ಚೀಟಿಯಲ್ಲಿ ಮಂಗಳವಾದ್ಯ ಎಂದು ಅಚ್ಚಾಗಿತ್ತು. ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು, ಮುಳ್ಳು ಇಟ್ಟೆ.

ಏಕತಾರಿ ಮೀಟಿತು.

ಆ ಹಾಡನ್ನು ನಾನು ಎಷ್ಟು ಸಾವಿನ ಮನೆಗಳಲ್ಲಿ ಹಾಕಿದ್ದೇನೆಂದರೆ, ಮೊದಲ ಮೀಟಿಗೇ ಗುರುತು ಹತ್ತಿತು. ಅದೇ ಹಾಡು, ಅದೇ ದನಿ, ನಮ್ಮ ಟ್ರಂಕಿನ ತಳದಲ್ಲಿ ಬೇರೆ ಬಟ್ಟೆಯಲ್ಲಿ ಸುತ್ತಿಟ್ಟಿರುವ ಪ್ಲೇಟಿನದು. ಚಪ್ಪರದಲ್ಲಿದ್ದವರೆಲ್ಲ ಇದ್ದಲ್ಲೇ ನಿಂತರು. ಚಲುವಯ್ಯ, "ಏನವ್ವಾ ಇದು! ತೆಗೀ, ತೆಗಿಯೇ!" ಎಂದು ಕೂಗಿದರು. ನಾನು ಗಾಬರಿಯಲ್ಲಿ ಮುಳ್ಳು ಎತ್ತಿಬಿಟ್ಟೆ.

ಅರ್ಧಕ್ಕೆ ಎತ್ತಿಬಿಟ್ಟೆ. ಪೂರ್ತಿ ಹಾಡಲು ಬಿಟ್ಟಿದ್ದರೂ ಯಾರಾದರೂ ಅನುಮಾನಪಡುತ್ತಿದ್ದರೋ ಏನೋ. ಅರ್ಧಕ್ಕೆ ಎತ್ತಿ, ಯಾವ ಅನುಮಾನಕ್ಕೂ ಜಾಗವಿಲ್ಲದಂತೆ ನಾನೇ ಸಾವಿನ ಸುದ್ದಿಯನ್ನು ಪೂರ್ತಿ ಮಾಡಿದೆ. ಹಳ್ಳದ ಆಚೆ ಗಂಡಿನವರು ಕೇಳಿಸಿಕೊಂಡರು. ಸುತ್ತಲಿನ ದಿಣ್ಣೆಗಳೆಲ್ಲ ಕೇಳಿಸಿಕೊಂಡವು. ಚಲುವಯ್ಯ ಹಳ್ಳದ ಕಡೆ ಓಡಿದರು, ಅವರ ಹಿಂದೆ ಗಂಡಸರೆಲ್ಲ ಓಡಿದರು. ಪುಟ್ಟಲಕ್ಷ್ಮಿಯ ತಾಯಿ ರಾಜಲಕ್ಷ್ಮಮ್ಮ ನನ್ನ ತೋಳು ಹಿಡಿದು ಅಲುಗಾಡಿಸಿದರು. "ಮೈಕಲ್ಲಿ ಹೇಳವ್ವ! ತಪ್ಪಾಯ್ತು, ಯಾರ್ಗೂ ಏನೂ ಆಗಿಲ್ಲ ಅಂತ ಒಂದ್ ಮಾತ್ ಹೇಳು!"

ಮೈಕು ಹಿಡಿದೆ. ಸ್ವಿಚ್ ಒತ್ತಿದೆ. ಚಪ್ಪರದ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದೆ, ಮಾತು ಬರಲಿಲ್ಲ. ಎರಡು ಹಾರ್ನಿನಲ್ಲೂ ನನ್ನ ಉಸಿರು ಮಾತ್ರ ಹೋಯಿತು. ಯಾರೋ ಬಿಕ್ಕುತ್ತಿದ್ದಾರೆ ಎಂದುಕೊಂಡೆವು ಎಂದು ಎದುರು ದಿಣ್ಣೆಯವರು ಆಮೇಲೆ ಹೇಳಿದರು. ರಾಜಲಕ್ಷ್ಮಮ್ಮ ಮೈಕು ಕಿತ್ತುಕೊಂಡು, "ಏನೂ ಆಗಿಲ್ಲ ಕಣ್ರಪ್ಪೋ" ಎಂದು ಹೇಳಿದರು. ಆದರೆ ಅಷ್ಟರಲ್ಲಿ ಅವರಿಗೆ ಅಳು ಬಂದುಬಿಟ್ಟಿತ್ತು. ಅಳುತ್ತಾ ಏನೂ ಆಗಿಲ್ಲ ಎಂದರೆ ಯಾರು ನಂಬುತ್ತಾರೆ? ನಡೆದು ಬರುತ್ತಿದ್ದವರು ಓಡಿ ಬಂದರು.

ಮೊದಲು ಬಂದವರು ದ್ಯಾವಯ್ಯ. ಹೆಗಲ ಮೇಲೆ ಮತ್ತಿ ಮರದ ಸೌದೆ, ತಲೆಗೆ ಟವೆಲ್ಲು. ಅವರ ಹಿಂದೆ ತೋಟದ ಕಾಲುದಾರಿಗಳಲ್ಲಿ ಒಬ್ಬೊಬ್ಬರಾಗಿ ಇಳಿದರು. ಎಸ್ಟೇಟ್ ಲೈನಿನ ಕೂಲಿಯವರು ಅರ್ಧ ದಿನದ ಕೆಲಸ ಬಿಟ್ಟು ಬಂದರು. ಬಾಳೆಕಂಬದ ಕೆಳಗೆ, ಮಾವಿನ ತೋರಣದ ಕೆಳಗೆ, ಹೆಗಲ ಮೇಲಿನ ಸೌದೆ ಇಳಿಸುವುದೋ ಬೇಡವೋ ತಿಳಿಯದೆ ನಲವತ್ತು ಜನ ನಿಂತರು. ದ್ಯಾವಯ್ಯ ಮೆಲ್ಲಗೆ, "ಯಾರು ಕಣ್ರೀ ಹೋಗಿದ್ದು?" ಎಂದರು. ಎಲ್ಲರ ಕಣ್ಣು ಹೋದದ್ದು ಚಲುವಯ್ಯನವರ ತಾಯಿ ಭೂತಮ್ಮನವರ ಕಡೆ. ತೊಂಬತ್ತಕ್ಕೆ ಹತ್ತಿರದ ಮುದುಕಿ, ಹಸಿರು ಸೀರೆ ಉಟ್ಟು ಅಡಿಕೆ ಕುಟ್ಟುತ್ತಾ ಕೂತಿದ್ದರು. "ನಾನೇ ಇರ್ಬೇಕು ಕಣ್ರಪ್ಪ. ಇರಿ, ಒಂಚೂರು ನೋಡ್ಕಂಡು ಹೇಳ್ತೀನಿ" ಎಂದರು. ಕೆಲವರು ನಕ್ಕರು. ಮದುವೆ ಮನೆಯಲ್ಲಿ ಆ ದಿನ ಕೇಳಿದ ನಗು ಅದೊಂದೇ.

ಗಂಡಿನವರ ಜೀಪು ಹೊರಟುಹೋಗಿತ್ತು. ಹೆಣ್ಣಿನ ಮನೆಯಲ್ಲಿ ಸೂತಕ ಎಂದಮೇಲೆ ಯಾರು ನಿಲ್ಲುತ್ತಾರೆ? ಚಲುವಯ್ಯ ಅವರನ್ನು ಮಾರನಹಳ್ಳಿಯಲ್ಲಿ ಹಿಡಿಯುವಷ್ಟರಲ್ಲಿ ಮುಹೂರ್ತ ಮುಗಿದಿತ್ತು.

ಮರುದಿನವೇ ಪ್ಲೇಟು ಹಿಡಿದುಕೊಂಡು ನಿಮ್ಮ ಅಂಗಡಿಗೆ ಬಂದೆ. ನಿಮ್ಮ ಮ್ಯಾನೇಜರು ಕವರು ನೋಡಿದರು, ಪ್ಲೇಟಿನ ನಡುವಿನ ಕೆಂಪು ಚೀಟಿ ನೋಡಿದರು. "ಎರಡರಲ್ಲೂ ಮಂಗಳವಾದ್ಯ ಅಂತಲೇ ಇದೆಯಲ್ಲಮ್ಮ" ಎಂದರು. ಹಾಕಿ ಕೇಳಿ ಎಂದು ಗಾಜಿನ ಪೆಟ್ಟಿಗೆಯಲ್ಲಿದ್ದ ಯಂತ್ರದ ಕಡೆ ಕೈ ತೋರಿಸಿದೆ. "ಅದು ಶೋಗೆ ಇಟ್ಟಿರೋದು, ಅದಕ್ಕೆ ಮುಳ್ಳಿಲ್ಲ" ಎಂದರು. ಮುಳ್ಳಿಲ್ಲದ ಯಂತ್ರದಲ್ಲಿ ಪರೀಕ್ಷಿಸಿ ಚೀಟಿ ಅಂಟಿಸುವ ವಿದ್ಯೆ ನಿಮಗೆ ಮಾತ್ರ ಗೊತ್ತು. ಕೊನೆಗೆ ಗೋಡೆಯ ಮೇಲಿನ ನಿಯಮ ತೋರಿಸಿದರು: ಸೀಲು ಒಡೆದ ಮಾಲನ್ನು ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಸೀಲು ಒಡೆಯದೆ ಒಳಗಿನ ಹಾಡು ಕೇಳುವುದು ಹೇಗೆ ಎಂಬುದನ್ನೂ ಅದರ ಕೆಳಗೆ ಬರೆಸಿದ್ದರೆ ನಮ್ಮಂಥವರಿಗೆ ಉಪಯೋಗವಾಗುತ್ತಿತ್ತು.

ವಾಪಸ್ಸು ಬರುವಾಗ ಸಕಲೇಶಪುರದಲ್ಲಿ ಇಳಿದು ಅಬ್ದುಲ್ ವಹಾಬ್ ಸಾಹೇಬರ ಹತ್ತಿರ ಹೋದೆ. ನಮ್ಮ ಸೆಟ್ಟನ್ನು ಅಪ್ಪನ ಕಾಲದಿಂದ ರಿಪೇರಿ ಮಾಡುವವರು ಅವರು. ಪ್ಲೇಟನ್ನು ಬೆಳಕಿಗೆ ಹಿಡಿದು, ವಾಚಿನವರ ಭೂತಗನ್ನಡಿ ಕಣ್ಣಿಗಿಟ್ಟುಕೊಂಡು, ಚೀಟಿಯ ಪಕ್ಕದ ಖಾಲಿ ಜಾಗ ನೋಡಿದರು. ಹಾಡಿನ ಗೆರೆ ಮುಗಿದ ಮೇಲೆ ಅಲ್ಲಿ ಸೂಜಿಯಲ್ಲಿ ಕೊರೆದಂಥ ಸಣ್ಣ ನಂಬರು ಇರುತ್ತದೆ. ಇಷ್ಟು ವರ್ಷ ಪ್ಲೇಟು ಒರೆಸಿದ ನನಗೂ ಅದು ಗೊತ್ತಿರಲಿಲ್ಲ. "ನೋಡಮ್ಮ, ಒಳಗೆ ಕೊರೆದಿರೋ ನಂಬರೇ ಬೇರೆ, ಚೀಟಿ ಮೇಲಿನ ನಂಬರೇ ಬೇರೆ. ಪ್ಲೇಟ್ ಸುಳ್ಳು ಹೇಳಿಲ್ಲ, ಚೀಟಿ ಸುಳ್ಳು ಹೇಳೈತೆ" ಎಂದರು. ನಮ್ಮ ಹಳೆಯ ತತ್ವಪದದ ಪ್ಲೇಟಿನ ನಂಬರನ್ನೂ ಆಮೇಲೆ ತೋರಿಸಿದೆ. ಹೊಸದರಲ್ಲಿ ಕೊರೆದ ನಂಬರೂ ಅದೂ ಒಂದೇ. ಎರಡನ್ನೂ ಬರೆದು ನಿಮಗೆ ಕಳಿಸಿದ್ದೇ ನನ್ನ ಮೊದಲ ಪತ್ರ.

ಪ್ಲೇಟು ಮಾಡಿದವರು ಬೇರೆ, ನಾವು ಬರೀ ಮಾರುವವರು ಎಂದು ನೀವು ಹೇಳಬಹುದು. ಇರಬಹುದು. ಆದರೆ "ಪರೀಕ್ಷಿಸಲಾಗಿದೆ" ಎಂಬ ಹಳದಿ ಚೀಟಿ ಪ್ಲೇಟು ಮಾಡಿದವರದಲ್ಲ, ನಿಮ್ಮದು. ನಾನು ನಂಬಿದ್ದು ಅದನ್ನು. ನಾನು ಹಳ್ಳಿಯ ಒಂದು ಮೈಕ್ ಸೆಟ್ಟಿನವಳು. ನನ್ನಿಂದ ತಪ್ಪಾದರೆ ಜನ ಮನೆ ಬಾಗಿಲಿಗೆ ಬಂದು ಬೈಯುತ್ತಾರೆ, ಬೈಸಿಕೊಳ್ಳುತ್ತೇನೆ. ನಿಮ್ಮದು ಅಷ್ಟೊಂದು ಊರುಗಳಲ್ಲಿ ಅಷ್ಟೊಂದು ಬಾಗಿಲು. ಯಾವ ಬಾಗಿಲಿಗೆ ಬಂದರೂ ಇದು ನಮ್ಮ ವಿಭಾಗವಲ್ಲ ಎನ್ನುತ್ತೀರಿ. ಬಾಗಿಲು ಹೆಚ್ಚಾದಷ್ಟೂ ಒಳಗೆ ಯಾರೂ ಇರುವುದಿಲ್ಲವೇ?

ಈಗ ಆ ಎರಡು ಸಾಲು ಏಕೆ ಬೇಕು ಎಂದು ಹೇಳುತ್ತೇನೆ. ಹುಡುಗನ ಸೋದರಮಾವ ಗಿಡ್ಡಯ್ಯನವರು ಹಿರಿಯರು, ಅವರ ಮಾತು ಮೀರಿ ಆ ಮನೆಯಲ್ಲಿ ಏನೂ ನಡೆಯದು. ಅವರನ್ನು ಕಾಣಲು ಚಲುವಯ್ಯನವರ ಜೊತೆ ನಾನೂ ಹೋಗಿದ್ದೆ. ತಲೆ ಎತ್ತದೆ ಕೂತೆ. ಗಿಡ್ಡಯ್ಯ ಹೇಳಿದರು: "ಅಲ್ಲ ಮಾರಾಯ, ಅಷ್ಟ್ ದೊಡ್ಡ ಅಂಗ್ಡಿ, ಸೀಲ್ ಮಾಡಿರೋ ಮಾಲು. ಅದು ತಪ್ಪಾಯ್ತದಾ? ಅದು ಮೇಲಿಂದ ಬಂದಿರೋ ಸೂಚ್ನೆ ಕಣೋ. ಆ ಮನೇಲಿ ಒಂದು ಸಾವು ಐತೆ. ಅದು ಕಳೀಲಿ, ಆಮೇಕೆ ನೋಡಾನ. ಇಲ್ಲಾ, ಅಂಗ್ಡಿಯೋರೇ ತಪ್ಪು ನಮ್ದು ಅಂತ ಕಾಗ್ದ ಕೊಡ್ಲಿ. ನಾಳೇನೇ ಹಳ್ಳ ದಾಟ್ತೀವಿ." ನಾನು ವಹಾಬ್ ಸಾಹೇಬರು ಬರೆದುಕೊಟ್ಟ ನಂಬರಿನ ಚೀಟಿ ಮುಂದಿಟ್ಟೆ. "ರಿಪೇರಿ ಅಂಗ್ಡಿ ಚೀಟಿ ಬ್ಯಾಡ ಕಣವ್ವ. ಮಾರ್ದೋರ್ದು ತತ್ತಾ" ಎಂದರು. ನೋಡಿ, ನಿಮ್ಮ ಅಂಗಡಿಯ ಮೇಲೆ ಅವರಿಗೆ ಎಷ್ಟು ಗೌರವ! ನೀವು ತಪ್ಪು ಮಾಡಿರಬಹುದು ಎಂದು ನಂಬುವುದಕ್ಕಿಂತ ದೇವರೇ ಮುಳ್ಳಿನ ಮೇಲೆ ಬಂದು ಹೇಳಿದ ಎಂದು ನಂಬುವುದು ಅವರಿಗೆ ಸುಲಭವಾಗಿದೆ. ಮಾಘದವರೆಗೆ ಕಾಯುತ್ತಾರಂತೆ. ಆಮೇಲೆ ಬೇರೆ ಹೆಣ್ಣು ನೋಡುತ್ತಾರಂತೆ.

ಇದಿಷ್ಟೇ ಆಗಿದ್ದರೆ ನಾನು ಇನ್ನೂ ತಾಳ್ಮೆಯಿಂದ ನಾಲ್ಕನೆಯ ಪತ್ರ ಬರೆಯುತ್ತಿದ್ದೆ. ಗಿಡ್ಡಯ್ಯನವರ ಮಾತು ಭೂತಮ್ಮನವರ ಕಿವಿಗೂ ಬಿತ್ತು. ದೀಪಾವಳಿ ಮುಗಿದಂದಿನಿಂದ ಅವರು ಒಂದೇ ಹೊತ್ತು ಉಣ್ಣುತ್ತಿದ್ದಾರೆ. ಅದೂ ಎರಡು ತುತ್ತು. ಮೊನ್ನೆ ನೋಡಲು ಹೋಗಿದ್ದೆ. ಅಡಿಕೆ ಕುಟ್ಟುವ ಕಲ್ಲು ಮೂಲೆಗೆ ಸರಿದಿತ್ತು. ರಾಜಲಕ್ಷ್ಮಮ್ಮ ಗಂಜಿಯ ಬಟ್ಟಲು ಹಿಡಿದು, "ಒಸಿ ಕುಡೀರತ್ತೆ, ನನ್ನಾಣೆ" ಎಂದು ಗೋಗರೆಯುತ್ತಿದ್ದರು. ಮುದುಕಿ ಮುಖ ಆಚೆ ತಿರುಗಿಸಿ ನನ್ನ ಕೈ ಹಿಡಿದುಕೊಂಡರು. "ಪ್ಲೇಟು ಹೇಳಿದ್ದು ನಿಜ ಆಗ್ಬುಟ್ರೆ ಹುಡ್ಗಿ ಮದ್ವೆ ಆಯ್ತದಲ್ವಾ ತಾಯಿ? ಸೌದೆನೂ ಬಂದು ಕುಂತೈತೆ. ನಂದೇ ತಡ" ಎಂದರು. ಈ ಸಲ ಯಾರೂ ನಗಲಿಲ್ಲ.

ಸೌದೆ ನಿಜವಾಗಿಯೂ ಬಂದು ಕೂತಿದೆ. ಸಾವಿಗೆಂದು ತಂದ ಸೌದೆಯನ್ನು ನಮ್ಮಲ್ಲಿ ಒಲೆಗೆ ಹಾಕುವಂತಿಲ್ಲ. ತಂದವರು ಹೊತ್ತುಕೊಂಡು ಹೋಗುವಂತಿಲ್ಲ. ನಿಮ್ಮ ಸೀಲು ಒಡೆದ ಮಾಲಿನ ಹಾಗೆ ಅದಕ್ಕೂ ವಾಪಸ್ಸಿಲ್ಲ. ತಂದದ್ದು ತಪ್ಪು ಸುದ್ದಿಗೆ ಎಂದು ಹಿರಿಯರು ಒಪ್ಪಿ ಎತ್ತಿಸಿದರೆ ಮಾತ್ರ ಅದು ಮತ್ತೆ ಬರೀ ಸೌದೆಯಾಗುತ್ತದೆ. ಅಲ್ಲಿಯವರೆಗೆ ನಲವತ್ತು ತುಂಡೂ ಮನೆಯ ಹಿಂದೆ ಪೇರಿಸಿದ ಹಾಗೇ ಇವೆ. ಮಳೆಗಾಲವೆಲ್ಲ ನೆನೆದು ಅದರ ಮೇಲೆ ಅಣಬೆ ಎದ್ದಿದೆ. ಪುಟ್ಟಲಕ್ಷ್ಮಿ ದಿನವೂ ಅದರ ಪಕ್ಕದಲ್ಲೇ ನೀರಿಗೆ ಹೋಗುತ್ತಾಳೆ. ಭೂತಮ್ಮ ದಿನವೂ ಕಿಟಕಿಯಿಂದ ಅದನ್ನೇ ನೋಡುತ್ತಾರೆ.

ನನಗೆ ಪ್ಲೇಟಿನ ದುಡ್ಡು ಬೇಡ. ಬದಲಿ ಪ್ಲೇಟೂ ಬೇಡ, ದಯವಿಟ್ಟು ಕೊಡಬೇಡಿ. ನನ್ನ ಒತ್ತಾಯ ಇಷ್ಟು. ನಿಮ್ಮ ಅಂಗಡಿಯ ಮೊಹರಿರುವ ಕಾಗದದಲ್ಲಿ, ಇಂಥ ನಂಬರಿನ ಪ್ಲೇಟಿಗೆ ತಪ್ಪು ಚೀಟಿ ಇತ್ತು, ಕೇಳಿ ನೋಡದೆಯೇ ಪರೀಕ್ಷಿಸಲಾಗಿದೆ ಎಂದು ಅಂಟಿಸಿದ್ದು ನಮ್ಮ ತಪ್ಪು ಎಂದು ಬರೆದು ಕೊಡಿ. ಮಾಘದವರೆಗೆ ಸಮಯವಿದೆ ಎಂದುಕೊಳ್ಳಬೇಡಿ. ದಿನಕ್ಕೆ ಎರಡು ತುತ್ತು ಉಣ್ಣುವವರಿಗೆ ಮಾಘ ಬಹಳ ದೂರ. ಆಗುವುದಾದರೆ ನಿಮ್ಮವರೊಬ್ಬರು ಕಾಗದ ಹಿಡಿದು ಇಲ್ಲಿಯವರೆಗೆ ಬರಲಿ. ಹಾರ್ನು ಕಟ್ಟಿಸಿರುತ್ತೇನೆ, ಬ್ಯಾಟರಿ ತುಂಬಿಸಿರುತ್ತೇನೆ. ಸುತ್ತಲ ದಿಣ್ಣೆಗಳಿಗೆಲ್ಲ ಕೇಳುವಂತೆ ಅವರೇ ಓದಲಿ. ತಪ್ಪು ಸುದ್ದಿ ಹೋದ ದಾರಿಯಲ್ಲೇ ಸರಿಯಾದ ಸುದ್ದಿಯೂ ಹೋಗಬೇಕು.

ಬರಲು ಯಾರಿಗೂ ಬಿಡುವಿಲ್ಲದಿದ್ದರೆ ಕಾಗದ ಮಾತ್ರ ಕಳಿಸಿ. ನಾನು ಓದುತ್ತೇನೆ. ಅಂದು ಒಂದು ಮಾತು ಹೊರಡದ ಗಂಟಲಿನಲ್ಲೇ ಓದುತ್ತೇನೆ. ಈಗ ಒಂದು ವಾರದಿಂದ ಹಾರ್ನಿನ ತಂತಿ ಬಿಚ್ಚಿಟ್ಟು, ಮೈಕು ಹಿಡಿದು, ಅಪ್ಪನ ಮಂಚದ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. "ಕೇಳಿಸ್ತಾ ಇಲ್ಲ ಕಣವ್ವ, ಇನ್ನೊಂಚೂರು ಜೋರು" ಎನ್ನುತ್ತಾರೆ ಅಪ್ಪ. ನಿನ್ನೆ ಮೊದಲ ಸಲ ಕೇಳಿಸಿತು ಎಂದರು. ಓದಲು ನಾನು ಸಿದ್ಧಳಾಗಿದ್ದೇನೆ, ಓದಬೇಕಾದ ಕಾಗದ ನಿಮ್ಮಲ್ಲಿದೆ.

ಇಂತಿ,
ಅರ್ಧಕ್ಕೆ ಮುಳ್ಳು ಎತ್ತಿದ ಕೈಯಿಂದಲೇ ಇದನ್ನು ಪೂರ್ತಿ ಬರೆದವಳು,
ಚಿಕ್ಕತಾಯಿ
ಕುಳ್ಳಯ್ಯನವರ ಮೈಕ್ ಸೆಟ್, ಹೆಗ್ಗದ್ದೆ ಕಡೆ
ಕಾರ್ತಿಕ ಮಾಸ, ೧೯೯೪